ಕರಿಯನ ಮೂರ್ಛೆರೋಗಕ್ಕೆ ಕೊಟ್ಟ ಮೂರು ಔಷಧಿಗಳು: ಒಂದು ಹೋಲಿಕೆ

ನಮ್ಮ ಲ್ಯಾಬ್ರಡಾರ್ ಕರಿಯನಿಗೆ ಮೊದಲ ಸಲ ಮೂರ್ಛೆ ಬಂದಾಗ ಅವನಿಗೆ ಮೂರು ವರ್ಷ. ನಸುಕಿನಲ್ಲಿ ನಿದ್ದೆಯಿಂದ ಎದ್ದವನು ಒಮ್ಮೆ ತಲೆಯೆತ್ತಿ ಸೂರಿನತ್ತ ನೋಡಿ, ಪಕ್ಕಕ್ಕೆ ಉರುಳಿ, ಸೆಟೆದ ಕಾಲುಗಳನ್ನು ಈಜುವವನಂತೆ ಬಡಿಯತೊಡಗಿದ. ಒಂದೂವರೆ ನಿಮಿಷದಲ್ಲಿ ಎಲ್ಲವೂ ಮುಗಿಯಿತಾದರೂ ಆಮೇಲಿನ ಅರ್ಧ ಗಂಟೆ ಅವನು ನಮ್ಮ ಗುರುತೇ ಇಲ್ಲದವನಂತೆ ಗೋಡೆಗೆ ಹಾಯುತ್ತ ಮನೆಯೆಲ್ಲ ಸುತ್ತಿದ. ಅಲ್ಲಿಂದೀಚೆಗೆ ಸುಮಾರು ಐದು ವರ್ಷಗಳಲ್ಲಿ ಅವನಿಗೆ ಫಿನೋಬಾರ್ಬಿಟಾಲ್, ಪೊಟ್ಯಾಸಿಯಂ ಬ್ರೋಮೈಡ್ ಮತ್ತು ಲೆವೆಟಿರಾಸೆಟಮ್ ಎಂಬ ಮೂರು ದಿನನಿತ್ಯದ ಔಷಧಿಗಳನ್ನೂ, ತುರ್ತಿಗೆ ಬಳಸುವ ಎರಡನ್ನೂ, ಊಟದ ಜೊತೆಗೆ ಒಂದು ಎಣ್ಣೆಯನ್ನೂ ಪಶುವೈದ್ಯರ ಸಲಹೆಯಂತೆ ಕೊಟ್ಟು ನೋಡಿದ್ದೇವೆ. ಆರಂಭದಲ್ಲಿ ನಾನು ಎಲ್ಲರನ್ನೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾವುದು ಹೆಚ್ಚು ಫಿಟ್ಸ್ ತಡೆಯುತ್ತದೆ? ಈಗ ಕೇಳುವುದಾದರೆ, ಔಷಧಿ ಎಷ್ಟು ಹೊತ್ತು ರಕ್ತದಲ್ಲಿ ಉಳಿಯುತ್ತದೆ ಎಂದು ಮೊದಲು ಕೇಳುತ್ತೇನೆ. ಮನೆಯವರ ದಿನಚರಿ, ಮರೆತ ಮಾತ್ರೆಯ ಪರಿಣಾಮ, ಅಡ್ಡಪರಿಣಾಮ ಇಳಿಯಲು ಬೇಕಾದ ಕಾಲ ಎಲ್ಲವನ್ನೂ ನಿರ್ಧರಿಸುವುದು ಅದೇ.

ಹೋಲಿಕೆಗೆ ಮುನ್ನ ರೋಗದ ವಿಷಯ. ಕರಿಯನಿಗಿರುವುದು ಕಾರಣ ತಿಳಿಯದ, ಬಹುಮಟ್ಟಿಗೆ ಅನುವಂಶೀಯವೆಂದು ಭಾವಿಸಲಾಗುವ ಅಪಸ್ಮಾರ. ಇದನ್ನು ನೇರವಾಗಿ ತೋರಿಸುವ ಪರೀಕ್ಷೆ ಯಾವುದೂ ಇಲ್ಲ. ರಕ್ತದ ಸಕ್ಕರೆ, ಕ್ಯಾಲ್ಸಿಯಂ, ಯಕೃತ್ತು, ಮೂತ್ರಪಿಂಡ, ವಿಷಪ್ರಾಶನ, ಮೆದುಳಿನ ಗಡ್ಡೆ ಮುಂತಾದ ಬೇರೆ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿದ ಮೇಲೆ ಉಳಿಯುವ ತೀರ್ಮಾನವಿದು. ಮೊದಲ ಮೂರ್ಛೆ ಆರು ತಿಂಗಳಿಂದ ಆರು ವರ್ಷದೊಳಗೆ ಬಂದಿದ್ದು, ಎರಡು ಮೂರ್ಛೆಗಳ ನಡುವೆ ನಾಯಿ ಸಂಪೂರ್ಣ ಸಹಜವಾಗಿದ್ದರೆ ಈ ತೀರ್ಮಾನಕ್ಕೆ ಬಲ ಬರುತ್ತದೆ. ಆ ವಯಸ್ಸಿನ ಹೊರಗೆ ಬಂದಿದ್ದರೆ ಸ್ಕ್ಯಾನಿಂಗ್ ಮಾಡಿಸುವುದನ್ನು ಮುಂದೂಡಬಾರದು. ಒಂದೇ ಒಂದು ಮೂರ್ಛೆ ಬಂದ ಮಾತ್ರಕ್ಕೆ ಸಾಮಾನ್ಯವಾಗಿ ಔಷಧಿ ಆರಂಭಿಸುವುದಿಲ್ಲ. ಆರು ತಿಂಗಳಲ್ಲಿ ಎರಡು ಅಥವಾ ಹೆಚ್ಚು ಬಂದರೆ, 24 ಗಂಟೆಗಳೊಳಗೆ ಒಂದರ ಹಿಂದೊಂದು ಬಂದರೆ, ಅಥವಾ ಒಂದೇ ಮೂರ್ಛೆ ಐದು ನಿಮಿಷ ಮೀರಿದರೆ ಆರಂಭಿಸುತ್ತಾರೆ. ಕರಿಯನಿಗೆ ನಾಲ್ಕನೆಯ ತಿಂಗಳ ಹೊತ್ತಿಗೆ ಮೂರು ವಾರಕ್ಕೊಮ್ಮೆ ಬರತೊಡಗಿ, ಒಂದು ದಿನ ಬೆಳಿಗ್ಗೆಯೂ ರಾತ್ರಿಯೂ ಬಂದಾಗ ಕಾಯುವ ಮಾತು ಮುಗಿಯಿತು.

ನನ್ನ ಹೋಲಿಕೆಯನ್ನು ಎಷ್ಟು ನಂಬಬೇಕೆಂಬುದನ್ನೂ ಇಲ್ಲೇ ಹೇಳಬೇಕು. ಈ ರೋಗ ತಾನಾಗಿಯೇ ಏರಿ ಇಳಿಯುತ್ತದೆ. ನಾವು ಹೊಸ ಔಷಧಿಗೆ ಕೈಚಾಚುವುದು ಏರಿದಾಗ ಮಾತ್ರ. ಹಾಗಾಗಿ ಮುಂದಿನ ಇಳಿತದ ಕೀರ್ತಿಯೆಲ್ಲ ಆ ಔಷಧಿಗೇ ಸಲ್ಲುತ್ತದೆ. 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಹೊಸ ಔಷಧಿಯ ಬದಲು ಹುಸಿಮಾತ್ರೆ ಪಡೆದ 28 ನಾಯಿಗಳಲ್ಲಿ 22ಕ್ಕೆ ಮೂರ್ಛೆಯ ಸಂಖ್ಯೆ ಇಳಿದಿತ್ತು. ಇದನ್ನು ಓದಿದ ಮೇಲೆ, ಒಂದು ವಾರದ ನೆಮ್ಮದಿಯನ್ನು ನೋಡಿ ತೀರ್ಪು ಕೊಡುವುದನ್ನು ಬಿಟ್ಟೆ. ಪ್ರತಿ ಮೂರ್ಛೆಯ ದಿನ, ಗಂಟೆ, ಗಡಿಯಾರ ನೋಡಿ ಅಳೆದ ಅವಧಿ, ಚೇತರಿಕೆಗೆ ಹಿಡಿದ ಸಮಯ, ಹಿಂದಿನ ಮಾತ್ರೆ ಕೊಟ್ಟ ಹೊತ್ತು ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದಿದ್ದೇನೆ. ಅವಧಿಯನ್ನು ಅಂದಾಜಿನಿಂದ ಬರೆಯಲೇಬಾರದು. ನಾನು ನಾಲ್ಕು ನಿಮಿಷವೆಂದು ಆಣೆ ಹಾಕಿ ಹೇಳಿದ ಮೂರ್ಛೆಯೊಂದು ಮೊಬೈಲಿನ ವಿಡಿಯೋದಲ್ಲಿ ಎಪ್ಪತ್ತು ಸೆಕೆಂಡು ಇತ್ತು.

ಫಿನೋಬಾರ್ಬಿಟಾಲ್ ಹಳೆಯ ಔಷಧಿ. ಮನುಷ್ಯರ ಅಪಸ್ಮಾರಕ್ಕೆ ಇದು 1912ರಲ್ಲೇ ಬಳಕೆಗೆ ಬಂತು, ನಾಯಿಗಳ ವಿಷಯದಲ್ಲಿ ಇಂದಿಗೂ ಮೊದಲ ಆಯ್ಕೆಗಳಲ್ಲಿ ಒಂದಾಗಿದೆ. ಆಗ 31 ಕಿಲೋ ತೂಗುತ್ತಿದ್ದ ಕರಿಯನಿಗೆ ವೈದ್ಯರು ಹನ್ನೆರಡು ಗಂಟೆಗೊಮ್ಮೆ 75 ಮಿಲಿಗ್ರಾಂ, ಅಂದರೆ ಕಿಲೋಗೆ ಸುಮಾರು 2.5 ಮಿಲಿಗ್ರಾಂ ಬರೆದುಕೊಟ್ಟರು. ಇದು ರಕ್ತದಲ್ಲಿ ಸ್ಥಿರ ಮಟ್ಟಕ್ಕೆ ಬರಲು ಎರಡು ವಾರ ಬೇಕು. ಆ ಎರಡು ವಾರ ನಮಗೆ ಕಂಡದ್ದು ಬೇರೆಯೇ ಒಂದು ನಾಯಿ: ಹಿಂಗಾಲು ತೂರಾಟ, ಹಗಲೆಲ್ಲ ಮಂಪರು, ನೀರಿನ ಬಟ್ಟಲಿನ ಮುಂದೆಯೇ ವಾಸ, ರಾತ್ರಿ ಎರಡೆರಡು ಸಲ ಮೂತ್ರಕ್ಕೆ ಹೊರಗೆ ಕರೆದೊಯ್ಯುವ ಕೆಲಸ. ಮೂರನೆಯ ವಾರಕ್ಕೆ ತೂರಾಟವೂ ಮಂಪರೂ ಹೋದವು. ಬಾಯಾರಿಕೆ ಮತ್ತು ಹಸಿವು ಮಾತ್ರ ಹೋಗಲಿಲ್ಲ. ಹಸಿವೆಂದರೆ ಕಸದ ಬುಟ್ಟಿಯನ್ನು ಎತ್ತರದಲ್ಲಿ ಇಡಬೇಕಾಗುವಂಥ ಹಸಿವು. ಊಟವನ್ನು ಅಳೆದು ಕೊಡುವ ಮನಸ್ಸು ನಮಗೆ ಬರುವಷ್ಟರಲ್ಲಿ ಅವನು 34 ಕಿಲೋ ದಾಟಿದ್ದ.

ಫಲಿತಾಂಶ ನಿಚ್ಚಳವಾಗಿತ್ತು. ಮೂರು ವಾರಕ್ಕೊಮ್ಮೆ ಬರುತ್ತಿದ್ದದ್ದು ಎಂಟೊಂಬತ್ತು ವಾರಕ್ಕೊಮ್ಮೆ ಆಯಿತು. ಆದರೆ ಈ ಔಷಧಿಗೊಂದು ವಿಚಿತ್ರ ಗುಣವಿದೆ: ತನ್ನನ್ನು ಒಡೆದುಹಾಕುವ ಕಿಣ್ವಗಳನ್ನು ಯಕೃತ್ತಿನಲ್ಲಿ ತಾನೇ ಹೆಚ್ಚಿಸುತ್ತದೆ. ಎರಡನೆಯ ವಾರದಲ್ಲಿ ಮಿಲಿಲೀಟರಿಗೆ 22 ಮೈಕ್ರೋಗ್ರಾಂ ಇದ್ದ ರಕ್ತದ ಮಟ್ಟ, ಮಾತ್ರೆಯ ಪ್ರಮಾಣ ಬದಲಾಗದಿದ್ದರೂ, ಮೂರನೆಯ ತಿಂಗಳಲ್ಲಿ 18ಕ್ಕೆ ಇಳಿದಿತ್ತು. ಹೀಗಾಗಿ ರಕ್ತಪರೀಕ್ಷೆ ಇಲ್ಲದೆ ಇದನ್ನು ಕೊಡುವುದೆಂದರೆ ಕಣ್ಣು ಕಟ್ಟಿಕೊಂಡು ನಡೆದಂತೆ. ರಕ್ತವನ್ನು ಜೆಲ್ ಇರುವ ಟ್ಯೂಬಿನಲ್ಲಿ ತೆಗೆದರೆ ಆ ಜೆಲ್ ಔಷಧಿಯನ್ನು ಹೀರಿ ಮಟ್ಟವನ್ನು ಕಡಿಮೆ ತೋರಿಸಬಹುದು, ಆದ್ದರಿಂದ ಜೆಲ್ ಇಲ್ಲದ ಟ್ಯೂಬನ್ನೇ ಕೇಳಿ ತೆಗೆಸಿಕೊಳ್ಳಬೇಕು. 35 ಮೈಕ್ರೋಗ್ರಾಂ ಮೀರಿದರೆ ಯಕೃತ್ತಿಗೆ ಅಪಾಯ ಹೆಚ್ಚುತ್ತದೆ. ಹದಿನಾಲ್ಕನೆಯ ತಿಂಗಳಲ್ಲಿ ಒಂದೇ ದಿನ ಮೂರು ಮೂರ್ಛೆ ಬಂದಾಗ ಕರಿಯನ ಮಟ್ಟ 34 ಇತ್ತು; ಏರಿಸಲು ಜಾಗವೇ ಉಳಿದಿರಲಿಲ್ಲ. ಇನ್ನೊಂದು ಮಾತು: ಇದನ್ನು ದಿಢೀರನೆ ನಿಲ್ಲಿಸಿದರೆ ಮೆದುಳು ತಿರುಗಿ ಬೀಳುತ್ತದೆ. ನಾವು ಪ್ರಯಾಣದಲ್ಲಿದ್ದಾಗ ಅವನನ್ನು ನೋಡಿಕೊಳ್ಳುತ್ತಿದ್ದವರು ಮೂರು ಹೊತ್ತಿನ ಮಾತ್ರೆ ತಪ್ಪಿಸಿದ್ದರು. ನಾಲ್ಕನೆಯ ಹೊತ್ತಿಗೆ ಅವನು ನೆಲದ ಮೇಲಿದ್ದ.

ಆಗ ಫಿನೋಬಾರ್ಬಿಟಾಲ್ ಜೊತೆಗೆ ಪೊಟ್ಯಾಸಿಯಂ ಬ್ರೋಮೈಡ್ ಸೇರಿತು. ಬ್ರೋಮೈಡ್ ಇನ್ನೂ ಹಳೆಯದು, 1857ರಷ್ಟು ಹಿಂದಿನದು. ಎಲ್ಲ ವಿಷಯದಲ್ಲೂ ಇದು ಮೊದಲನೆಯದಕ್ಕೆ ವಿರುದ್ಧ ಸ್ವಭಾವದ್ದು. ಯಕೃತ್ತಿನ ಗೊಡವೆಗೆ ಹೋಗದೆ ಮೂತ್ರಪಿಂಡದ ಮೂಲಕ ಹಾಗೆಯೇ ಹೊರಬೀಳುತ್ತದೆ. ಇದರ ಅರ್ಧಾಯುಷ್ಯ, ಅಂದರೆ ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, ನಾಯಿಗಳಲ್ಲಿ ಸುಮಾರು 25 ದಿನ. ಪೂರ್ಣ ಮಟ್ಟಕ್ಕೆ ಏರಲು ಮೂರು ತಿಂಗಳು ಹಿಡಿಯುತ್ತದೆ. ಒಂದು ದಿನ ಮರೆತರೆ ಏನೂ ಆಗುವುದಿಲ್ಲ ಎಂಬ ನೆಮ್ಮದಿ ಫಿನೋಬಾರ್ಬಿಟಾಲ್ ಕೊಟ್ಟು ಬೆಂದಿದ್ದ ನಮಗೆ ವರವೆಂದೇ ತೋರಿತು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಮಾಡುತ್ತಿದ್ದ, ಊಟದಲ್ಲಿ ಬೆರೆಸಿದ ಮೇಲೆ ಅದೂ ನಿಂತಿತು.

ಇದರ ಶತ್ರು ಉಪ್ಪು. ಮೂತ್ರಪಿಂಡಕ್ಕೆ ಬ್ರೋಮೈಡ್ ಮತ್ತು ಉಪ್ಪಿನಲ್ಲಿರುವ ಕ್ಲೋರೈಡ್ ನಡುವೆ ಹೆಚ್ಚು ವ್ಯತ್ಯಾಸ ತಿಳಿಯದು. ಊಟದಲ್ಲಿ ಉಪ್ಪು ಹೆಚ್ಚಿದರೆ ಬ್ರೋಮೈಡ್ ಬೇಗ ಹೊರಹೋಗುತ್ತದೆ, ಉಪ್ಪು ಇಳಿದರೆ ಒಳಗೇ ಶೇಖರವಾಗುತ್ತದೆ. ಅವನ ತೂಕ ಇಳಿಸಲೆಂದು ನಾವು ಆಹಾರದ ಬ್ರ್ಯಾಂಡ್ ಬದಲಿಸಿದ ತಿಂಗಳೊಪ್ಪತ್ತಿನಲ್ಲಿ ಅವನ ಹಿಂಗಾಲುಗಳು ಒಂದಕ್ಕೊಂದು ತೊಡರಿಕೊಳ್ಳತೊಡಗಿದವು. ಹೊಸ ಆಹಾರದಲ್ಲಿ ಉಪ್ಪು ಕಡಿಮೆ ಇದ್ದು ಬ್ರೋಮೈಡ್ ಮಟ್ಟ ಏರಿಬಿಟ್ಟಿತ್ತು. ಪ್ರಯೋಗಾಲಯದ ಕೆಲವು ಯಂತ್ರಗಳಿಗೂ ಇದೇ ಗೊಂದಲವಿದ್ದು, ಬ್ರೋಮೈಡನ್ನು ಕ್ಲೋರೈಡ್ ಎಂದೇ ಎಣಿಸಿ ವರದಿಯಲ್ಲಿ ಹುಸಿ ಏರಿಕೆ ತೋರಿಸುತ್ತವೆ. (ಮನೆಯಲ್ಲಿ ಬೆಕ್ಕೂ ಇದ್ದರೆ ನೆನಪಿರಲಿ: ಇದು ಬೆಕ್ಕುಗಳ ಶ್ವಾಸಕೋಶಕ್ಕೆ ಅಪಾಯಕಾರಿ.) ಮೂರ್ಛೆಗಳ ಲೆಕ್ಕದಲ್ಲಿ ಮಾತ್ರ ಬ್ರೋಮೈಡ್ ಕಾಲವೇ ನನ್ನ ನೋಟ್‌ಬುಕ್ಕಿನ ಅತ್ಯಂತ ಖಾಲಿ ಪುಟಗಳು: ಒಂಬತ್ತು ತಿಂಗಳಲ್ಲಿ ಎರಡೇ ಎರಡು. ಆದರೆ ಆ ಒಂಬತ್ತು ತಿಂಗಳು ಕರಿಯ ಮೆಟ್ಟಿಲು ಹತ್ತಲಿಲ್ಲ, ಚೆಂಡನ್ನು ಮೂಸಿಯೂ ನೋಡಲಿಲ್ಲ. ಕೊನೆಗೆ ಒಂದು ರಾತ್ರಿ ಬೆನ್ನು ಬಾಗಿಸಿ ಹೊಟ್ಟೆನೋವಿನಿಂದ ನರಳಿ ವಾಂತಿ ಮಾಡಿದ. ಮೇದೋಜೀರಕ ಗ್ರಂಥಿಯ ಉರಿಯೂತವೆಂದು ತಿಳಿಯಿತು. ಈ ಎರಡು ಔಷಧಿಗಳು ಜೊತೆಯಾದಾಗ ಹಾಗಾಗುವ ಸಂಭವ ಹೆಚ್ಚೆಂಬುದು ಗೊತ್ತಿರುವ ವಿಷಯವೇ. ಬ್ರೋಮೈಡ್ ನಿಲ್ಲಿಸಿದೆವು, ಆದರೆ 25 ದಿನಗಳ ಅರ್ಧಾಯುಷ್ಯದ ಇನ್ನೊಂದು ಮುಖ ಆಗ ಕಂಡಿತು: ಕಾಲಿನ ತೊಡರು ಸಂಪೂರ್ಣ ಹೋಗಲು ಮತ್ತೆರಡು ತಿಂಗಳು ಕಾಯಬೇಕಾಯಿತು.

ಅದರ ಜಾಗಕ್ಕೆ ಬಂದದ್ದು ಲೆವೆಟಿರಾಸೆಟಮ್. ಇದು ಮತ್ತೊಂದು ತುದಿ. ಅರ್ಧಾಯುಷ್ಯ ಮೂರು ನಾಲ್ಕು ಗಂಟೆ ಮಾತ್ರ, ಹಾಗಾಗಿ ಎಂಟು ಗಂಟೆಗೊಮ್ಮೆ ಕೊಡಬೇಕು. ಅದೂ ಫಿನೋಬಾರ್ಬಿಟಾಲ್ ಜೊತೆಗಿದ್ದರೆ ಇನ್ನೂ ಬೇಗ ಕರಗಿಹೋಗುತ್ತದೆ ಎಂಬ ಕಾರಣಕ್ಕೆ ಕರಿಯನ ಪ್ರಮಾಣವನ್ನು 750 ಮಿಲಿಗ್ರಾಂನಿಂದ 1000ಕ್ಕೆ ಏರಿಸಬೇಕಾಯಿತು. ಕೊಟ್ಟ ದಿನವೇ ಕೆಲಸ ಆರಂಭಿಸುತ್ತದೆ, ಯಕೃತ್ತಿಗೆ ಹೊರೆಯಲ್ಲ, ಮೊದಲ ನಾಲ್ಕು ದಿನದ ಸಣ್ಣ ಮಂಪರು ಬಿಟ್ಟರೆ ನಮಗೆ ಬೇರೇನೂ ಕಾಣಲಿಲ್ಲ. ಕರಿಯ ಮತ್ತೆ ಚೆಂಡಿನ ಹಿಂದೆ ಓಡಿದ ದಿನಾಂಕವನ್ನೂ ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ, ವೈದ್ಯರು ಕೇಳದಿದ್ದರೂ. ಮೂರ್ಛೆ ಈಗ ಮೂರು ನಾಲ್ಕು ತಿಂಗಳಿಗೊಮ್ಮೆ, ಎರಡೂವರೆ ವರ್ಷದಿಂದ ಹೀಗೆಯೇ ಇದೆ. ಬ್ರೋಮೈಡ್‌ಗಿಂತ ಸಂಖ್ಯೆಯಲ್ಲಿ ತುಸು ಹೆಚ್ಚಿದ್ದರೂ ಒಂದೊಂದೇ ಬಂದು ಹೋಗುತ್ತದೆ. ಕೆಲವು ನಾಯಿಗಳಲ್ಲಿ ತಿಂಗಳುಗಳು ಕಳೆದಂತೆ ಇದರ ಪರಿಣಾಮ ಕುಗ್ಗುವುದುಂಟು. ನಮ್ಮಲ್ಲಿ ಈವರೆಗೆ ಹಾಗಾಗಿಲ್ಲ.

ಇದರ ಕಷ್ಟವೆಲ್ಲ ಗಡಿಯಾರದ್ದು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಮಧ್ಯಾಹ್ನ ಯಾರೂ ಇರದ ಮನೆಗೆ ಇದು ಹೇಳಿಸಿದ ಔಷಧಿಯಲ್ಲ. ದಿನಕ್ಕೆರಡೇ ಸಲ ಸಾಕಾಗುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯೂ ಇದೆ. ಅದನ್ನು ಮುರಿಯದೆ, ಅಗಿಯಗೊಡದೆ ಇಡಿಯಾಗಿ ನುಂಗಿಸಬೇಕು. ಅಗಿದರೆ ಹನ್ನೆರಡು ಗಂಟೆಯ ಔಷಧಿಯೆಲ್ಲ ಒಮ್ಮೆಗೇ ರಕ್ತಕ್ಕಿಳಿದು ಉಳಿದ ಹೊತ್ತು ರಕ್ಷಣೆಯಿಲ್ಲದಾಗುತ್ತದೆ. ಕರಿಯ ಏನನ್ನೂ ಅಗಿಯದೆ ನುಂಗಿದವನಲ್ಲ. ಹತ್ತು ದಿನ ಹೆಣಗಿ ಆ ಪ್ರಯತ್ನ ಕೈಬಿಟ್ಟೆವು.

ಇಮೆಪಿಟೊಯಿನ್ ಎಂಬ ನಾಲ್ಕನೆಯ ಔಷಧಿಯನ್ನು ನಾವು ಬಳಸಲಿಲ್ಲ. ಯುರೋಪಿಯನ್ ಒಕ್ಕೂಟ 2013ರಲ್ಲಿ ಇದಕ್ಕೆ ಅನುಮತಿ ಕೊಟ್ಟಿತು; ರಕ್ತದ ಮಟ್ಟ ಅಳೆಯುವ ಅಗತ್ಯವಿಲ್ಲ, ಹಸಿವು ಬಾಯಾರಿಕೆಗಳೂ ಕಡಿಮೆ. ಆದರೆ ಗುಂಪುಗುಂಪಾಗಿ ಬರುವ ಮೂರ್ಛೆಗೆ ಇದರ ಉಪಯೋಗ ಸಾಬೀತಾಗಿಲ್ಲವಾದ್ದರಿಂದ ಕರಿಯನ ಮಟ್ಟಿಗೆ ಮಾತು ಅಲ್ಲಿಗೇ ನಿಂತಿತು. ಎಂಸಿಟಿ, ಅಂದರೆ ಮಧ್ಯಮ ಸರಪಳಿಯ ಕೊಬ್ಬಿನ ಎಣ್ಣೆಯನ್ನು ಮಾತ್ರ ಫಿನೋಬಾರ್ಬಿಟಾಲ್ ಕಾಲದಲ್ಲಿ ಮೂರು ತಿಂಗಳು ಊಟದಲ್ಲಿ ಬೆರೆಸಿ ನೋಡಿದೆವು. 2015ರಲ್ಲಿ 21 ನಾಯಿಗಳ ಮೇಲೆ ನಡೆದ ಪ್ರಯೋಗದಲ್ಲಿ ಈ ಕೊಬ್ಬು ಸೇರಿಸಿದ ಆಹಾರ ಮೂರ್ಛೆಯನ್ನು ಕಡಿಮೆ ಮಾಡಿತ್ತು. ನಮ್ಮ ಪುಟಗಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಭೇದಿ ಮಾತ್ರ ಕಂಡಿತು. ಕೊಬ್ಬರಿ ಎಣ್ಣೆಯೂ ಇದೂ ಒಂದೇ ಎಂದು ಹೇಳುವವರಿದ್ದಾರೆ. ಒಂದೇ ಅಲ್ಲ: ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಿನದು ಲಾರಿಕ್ ಆಮ್ಲ, ಮೆದುಳಿನ ಮೇಲೆ ಕೆಲಸ ಮಾಡುತ್ತದೆನ್ನಲಾದ ಡೆಕನೋಯಿಕ್ ಆಮ್ಲ ಅದರಲ್ಲಿ ಸ್ವಲ್ಪವೇ. ಮೇದೋಜೀರಕದ ತೊಂದರೆ ಬಂದ ನಾಯಿಗೆ ಯಾವ ಎಣ್ಣೆಯನ್ನೂ ವೈದ್ಯರನ್ನು ಕೇಳದೆ ಕೊಡಕೂಡದು.

ತುರ್ತು ಔಷಧಿಗಳ ಹೋಲಿಕೆಯಲ್ಲಿ ನನಗೆ ಅನುಮಾನವೇ ಇಲ್ಲ. ಮೊದಲು ನಮ್ಮ ಬಳಿ ಇದ್ದದ್ದು ಗುದದ್ವಾರದ ಮೂಲಕ ಕೊಡುವ ಡಯಾಜಿಪಾಮ್. ಒದ್ದಾಡುವ 34 ಕಿಲೋ ದೇಹದ ಬಾಲವೆತ್ತಿ ಸಿರಿಂಜು ಸೇರಿಸುವುದು ಬರೆದಷ್ಟು ಸುಲಭವಲ್ಲ, ಒಮ್ಮೆಯಂತೂ ಕೊಟ್ಟ ಔಷಧಿ ಮಲದೊಡನೆ ಹೊರಬಂತು. ಡಯಾಜಿಪಾಮ್ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದರಿಂದ ಸಿರಿಂಜಿನಲ್ಲಿ ತುಂಬಿ ಸಿದ್ಧವಾಗಿಡುವಂತೆಯೂ ಇಲ್ಲ. ಈಗ ಇರುವುದು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್, ಕಿಲೋಗೆ 0.2 ಮಿಲಿಗ್ರಾಂ, ಸಿರಿಂಜಿನ ತುದಿಗೆ ಸಿಂಪಡಿಕೆಯ ಮೂತಿ ಸಿಕ್ಕಿಸಿ ಎರಡೂ ಹೊಳ್ಳೆಗಳಿಗೆ ಹಂಚಿ ಕೊಡುತ್ತೇವೆ. 2017ರಲ್ಲಿ ಪ್ರಕಟವಾದ ನೇರ ಹೋಲಿಕೆಯಲ್ಲಿ ಮೂಗಿನ ಮಿಡಜೋಲಾಮ್ ಶೇ. 70ರಷ್ಟು ನಾಯಿಗಳಲ್ಲಿ ಮೂರ್ಛೆ ನಿಲ್ಲಿಸಿದರೆ ಗುದದ್ವಾರದ ಡಯಾಜಿಪಾಮ್ ಶೇ. 20ರಷ್ಟರಲ್ಲಿ ನಿಲ್ಲಿಸಿತ್ತು. ಕೊಡುವವರ ಕೈ ಬಾಯಿಯ ಬಳಿ ಹೋಗುತ್ತದೆಂಬ ಅಪಾಯ ಮಾತ್ರ ಇದೆ, ಅದಕ್ಕೆ ತಲೆಯ ಹಿಂಬದಿಯಿಂದ ಕೊಡಬೇಕು. ನಾಲಗೆ ನುಂಗುತ್ತದೆಂದು ಹೆದರಿ ಬಾಯೊಳಗೆ ಬೆರಳು ಹಾಕುವ ಅಗತ್ಯವೇ ಇಲ್ಲ. ನಾಯಿ ನಾಲಗೆ ನುಂಗುವುದಿಲ್ಲ, ಬೆರಳು ಮಾತ್ರ ಹೋಗುತ್ತದೆ. ಮೂರ್ಛೆ ಐದು ನಿಮಿಷ ದಾಟಿದರೆ, ಅಥವಾ ಪ್ರಜ್ಞೆ ಮರಳುವ ಮೊದಲೇ ಇನ್ನೊಂದು ಬಂದರೆ, ಸಿಂಪಡಿಸಿದ್ದು ಕೆಲಸ ಮಾಡಿದಂತೆ ಕಂಡರೂ ಆಸ್ಪತ್ರೆಗೆ ಹೊರಡಬೇಕು. ಮೈ ಬಿಸಿ ಅಪಾಯದ ಮಟ್ಟಕ್ಕೆ ಏರುತ್ತದೆ, ಈ ಔಷಧಿಯ ಪ್ರಭಾವವೂ ಅಲ್ಪಕಾಲದ್ದು.

ಈಗ ಯಾರಾದರೂ ಕೇಳಿದರೆ ನಾನು ಮೊದಲು ವಿಚಾರಿಸುವುದು ಅವರ ಮನೆಯನ್ನೇ. ದಿನಕ್ಕೆ ಎರಡು ಹೊತ್ತು ತಪ್ಪದೆ ಮಾತ್ರೆ ಕೊಡಬಲ್ಲವರು, ಆರು ತಿಂಗಳಿಗೊಮ್ಮೆ ರಕ್ತ ಕೊಡಿಸಬಲ್ಲವರು, ಯಕೃತ್ತು ಸರಿಯಿರುವ ನಾಯಿಯುಳ್ಳವರು ವೈದ್ಯರೊಡನೆ ಫಿನೋಬಾರ್ಬಿಟಾಲ್‌ನಿಂದಲೇ ಮಾತು ಆರಂಭಿಸಬಹುದು. ಯಕೃತ್ತಿನ ತೊಂದರೆಯಿದ್ದು, ಮಾತ್ರೆಯ ಹೊತ್ತು ಹೆಚ್ಚುಕಡಿಮೆಯಾಗುವ, ಆದರೆ ಊಟದ ಉಪ್ಪನ್ನು ಒಂದೇ ಹದದಲ್ಲಿ ಕಾಯ್ದುಕೊಳ್ಳಬಲ್ಲ ಮನೆಗೆ ಬ್ರೋಮೈಡ್ ಒಗ್ಗೀತು. ಲೆವೆಟಿರಾಸೆಟಮ್ ಬೇಕೆಂದರೆ ಮಧ್ಯಾಹ್ನ ಎರಡು ಗಂಟೆಗೆ ಮನೆಯಲ್ಲಿ ಯಾರಿರುತ್ತಾರೆ ಎಂದು ಕೇಳುತ್ತೇನೆ. ನಮ್ಮಲ್ಲಿ ಆ ಹೊತ್ತಿಗೆ ಅಮ್ಮ ಇರುತ್ತಾರೆ; ಅವರು ಒಂದು ವಾರ ಊರಿಗೆ ಹೋದಾಗಲೆಲ್ಲ ನಾನು ರಜೆ ಹಾಕುತ್ತೇನೆ.