ಕೋಳಿ ಕಾಲಿಗೆ ಅಂಟು ಬ್ಯಾಂಡೇಜ್: ಮಾಲು ಒಳ್ಳೇದೇ, ಆದ್ರೆ ಎಲ್ಲಾ ಕುಂಟಿಗೂ ಅಲ್ಲ

ನಾಕು ಸ್ಟಾರ್ ಕೊಡ್ತೀನಿ. ಒಂದು ಕಟ್ ಮಾಡಿದ್ದು ಬ್ಯಾಂಡೇಜಿಗಲ್ಲ, ಮಾರೋರು ಕೆಳಗೆ ಬರ್ದಿರೋ ವಿವರಣೆಗೆ. "ಕೋಳಿಯ ಎಲ್ಲಾ ಕಾಲಿನ ತೊಂದರೆಗೆ" ಅಂತೆ! ಒಂದೇ ಒಂದು ತೊಂದರೆಗೆ, ಅಂಗಾಲು ಗಾಯ ಆಗಿ ಊದಿಕೊಳ್ಳೋದಕ್ಕೆ, ಇದು ಬೇಕು, ಅದಕ್ಕೆ ಮಾತ್ರ ತುಂಬಾ ಚೆನ್ನಾಗಿದೆ.

ಆಟ ಆಡೋರು ಮಣಿಕಟ್ಟಿಗೆ ಸುತ್ಕೋತಾರಲ್ಲ ಆ ಜಾತಿ ಪಟ್ಟಿ ಇದು, ತನಗೆ ತಾನೇ ಅಂಟ್ಕೊಳತ್ತೆ, ಪುಕ್ಕಕ್ಕೆ ಚರ್ಮಕ್ಕೆ ಹಿಡಿಯಲ್ಲ, ಹಂಗಾಗಿ ಬಿಚ್ಚುವಾಗ ಗಲಾಟೆ ಇಲ್ಲ. ಮಾಮೂಲಿ ಪ್ಲಾಸ್ಟರ್ ಆದ್ರೆ ಕೋಳಿ ಮಣ್ಣು ಕೆರೆಯೋಕೆ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಕಿತ್ತು ಬರತ್ತೆ, ಇದು ಮಾರನೇ ದಿನದವರೆಗೂ ನಿಲ್ಲತ್ತೆ. ಒದ್ದೆ ಆದ್ರೆ ಸಡಿಲ ಆಗತ್ತೆ, ಮಳೆಗಾಲದಲ್ಲಿ ಕೋಳೀನ ಒಣ ಜಾಗದಲ್ಲೇ ಕೂಡಿ ಹಾಕ್ಬೇಕು.

ನಮ್ಮನೇಲಿ ಇರೋದು ಗಿರಿರಾಜ, ಹೆಬ್ಬಾಳದ ವೆಟರ್ನರಿ ಕಾಲೇಜಿನವ್ರು ಹಿತ್ತಲಲ್ಲಿ ಸಾಕೋಕೆ ಅಂತ್ಲೇ ಮಾಡಿದ ತಳಿ, ನಾಟಿಗಿಂತ ತೂಕ ಜಾಸ್ತಿ, ಅಷ್ಟು ತೂಕ ಹೊತ್ಕೊಂಡು ದಿನಾ ಬೆಳಗ್ಗೆ ರಾತ್ರಿ ಕೂತಿದ್ದ ಎತ್ತರದ ಕೋಲಿಂದ ಸಿಮೆಂಟ್ ನೆಲಕ್ಕೆ ಧುಮುಕಿದ್ರೆ ಅಂಗಾಲು ಏನಾಗ್ಬೇಕು ಹೇಳಿ. ಸಣ್ಣ ಗಾಯ ಆಗತ್ತೆ, ಅಲ್ಲಿಂದ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಒಳಗೆ ಹೋಗತ್ತೆ, ಅದಕ್ಕೇ ಬಂಬಲ್‌ಫೂಟ್ ಅನ್ನೋದು. ಕೋಳಿ ಕುಂಟುತ್ತಾ ಇದ್ರೆ ಮೊದಲು ಎತ್ತಿಕೊಂಡು ಅಂಗಾಲು ತಿರುಗಿಸಿ ನೋಡಿ. ಮಧ್ಯದಲ್ಲಿ ಕಪ್ಪು ಹಕ್ಕಳೆ, ಸುತ್ತ ಊತ, ಮುಟ್ಟಿದ್ರೆ ಬಿಸಿ, ಇಷ್ಟಿದ್ರೆ ಬಹುಪಾಲು ಅದೇ.

ಹಿಡಿಯೋದು ಹೆಂಗೆ ಅಂದ್ರೆ ಟವಲಲ್ಲಿ ಸುತ್ತಿ ಕಣ್ಣು ಮುಚ್ಚೋ ಹಾಗೆ ಮಾಡಿ, ಸುಮ್ನಾಗತ್ತೆ. ಎದೆ ಮಾತ್ರ ಒತ್ತಬೇಡಿ, ಎದೆ ಮೂಳೆ ಆಡಿದ್ರೇನೇ ಕೋಳಿಗೆ ಉಸಿರು. ಉಗುರು ಬೆಚ್ಚಗಿನ ನೀರಿಗೆ ಎಪ್ಸಮ್ ಸಾಲ್ಟ್ ಹಾಕಿ 10-15 ನಿಮಿಷ ಪಾದ ನೆನೆಸಿ, ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಮೇಲೆ ಗಾಜ್ ತುಂಡು ಇಟ್ಟು ಆಮೇಲೆ ಈ ಪಟ್ಟಿ. ದಿನಾ ಬಿಚ್ಚಿ ನೋಡಿ ಹೊಸದು ಕಟ್ಟಬೇಕು. ಗ್ಲೌಸ್ ಹಾಕ್ಕೊಳಿ, ಆ ಬ್ಯಾಕ್ಟೀರಿಯಾ ನಮ್ಮ ಕೈ ಗಾಯಕ್ಕೂ ಬರಬಹುದು. ಬಿಗಿ ಮಾಡೋದ್ರಲ್ಲೇ ಇರೋದು ಕಷ್ಟ, ಈ ಪಟ್ಟಿಗೆ ಎಲಾಸ್ಟಿಕ್ ಇರೋದ್ರಿಂದ ಎಳೆದು ಸುತ್ತಿದ್ರೆ ರಕ್ತ ನಿಂತು ಬೆರಳು ತಣ್ಣಗಾಗಿ ಬಣ್ಣ ತಿರುಗತ್ತೆ, ಸುಮ್ನೆ ಎಳೀದೆ ಬೆರಳುಗಳ ಮಧ್ಯೆ ದಾಟಿಸ್ಕೊಂಡು ಸುತ್ತಿ.

ಹಿಸುಕಿ ಕೀವು ತೆಗೀತೀನಿ ಅಂತ ಹೋಗ್ಬೇಡಿ ದಯವಿಟ್ಟು. ಕೋಳಿ ಕೀವು ನಮ್ಮದರ ಹಾಗೆ ಹರಿಯಲ್ಲ, ಒಳಗೇ ಗಿಣ್ಣಿನ ಹಾಗೆ ಗಟ್ಟಿ ಆಗಿ ಕೂತಿರತ್ತೆ, ಒತ್ತಿದಷ್ಟೂ ಇನ್ನೂ ಒಳಕ್ಕೆ ಹರಡಬಹುದು. ಊತ ದೊಡ್ಡದಿದ್ರೆ, ಮೇಲಿನ ಕಾಲಿಗೂ ಬಂದಿದ್ರೆ, ಡಾಕ್ಟ್ರೇ ಕೊಯ್ದು ತೆಗೀಬೇಕು, ಆಂಟಿಬಯಾಟಿಕ್ಕೂ ಅವ್ರೇ ಬರೀಬೇಕು, ಔಷಧಿ ನಡೆಯೋವಾಗ ಮತ್ತೆ ಆಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಾನೂ ಕೇಳ್ಕೊಳಿ. ಒಂದು ಕೋಳಿಗೆ ಡಾಕ್ಟ್ರಾ ಅಂತ ಮನೇಲಿ ನಗ್ತಾರೆ, ನಗಲಿ ಬಿಡಿ.

ಈಗ ವಿವರಣೆ ಬರ್ದವ್ರಿಗೆ. ಕಾಲಿನ ಹುರುಪೆ ಎದ್ದು ನಿಂತು ಕೆಳಗೆ ಬಿಳಿ ಪುಡಿ ತರ ಇದ್ರೆ ಅದು ನುಸಿ, ಅದಕ್ಕೆ ಪಟ್ಟಿ ಸುತ್ತಿ ಏನು ಮಾಡ್ತೀರಿ? ಬೆಚ್ಚಗಿನ ನೀರಲ್ಲಿ ನೆನೆಸಿ ಹಳೇ ಬ್ರಶ್ಶಲ್ಲಿ ನಿಧಾನಕ್ಕೆ ಉಜ್ಜಿ ವ್ಯಾಸಲೀನೋ ಕೊಬ್ಬರಿ ಎಣ್ಣೇನೋ ದಪ್ಪಗೆ ಬಳೀಬೇಕು, ಕೆಲವು ವಾರ ಬಿಡದೆ, ಅದೂ ಜೊತೆಗಿರೋ ಎಲ್ಲಾ ಕೋಳಿಗೂ. ಸೀಮೆಎಣ್ಣೆ ಹಚ್ಚೋರು ಈಗಲೂ ಇದಾರೆ, ಚರ್ಮ ಸುಟ್ಟು ಹೋಗತ್ತೆ, ಬೇಡ. ಇನ್ನು ಅಂಗಾಲಲ್ಲಿ ಏನೂ ಇಲ್ಲ, ಆದ್ರೆ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಮಲಗಿದೆ ಅಂದ್ರೆ ಮರೆಕ್ಸ್ ಅನ್ನೋ ರೋಗ ಇರಬಹುದು, ಅದು ವೈರಸ್ಸಿಂದ ಬರೋದು, ಬಂದ ಮೇಲೆ ಔಷಧಿ ಇಲ್ಲ, ಮರಿ ಹುಟ್ಟಿದ ದಿನಾನೇ ಲಸಿಕೆ ಹಾಕಿಸಿರಬೇಕು. ಕತ್ತು ತಿರುಚಿ ಹಸಿರು ಭೇದಿನೂ ಇದ್ರೆ ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಬೇಗ ಹರಡೋ ವೈರಸ್ ರೋಗ) ಅನುಮಾನ, ತಕ್ಷಣ ಬೇರೆ ಕೂಡಿ ಹಾಕಿ ಪಶು ಆಸ್ಪತ್ರೆಗೆ ಹೇಳಿ. ಇವೆರಡಕ್ಕೂ ಈ ಬ್ಯಾಂಡೇಜ್ ಕಟ್ಟಿಕೊಂಡು ಕಾಯೋದು ಟೈಮ್ ವೇಸ್ಟ್ ಅಷ್ಟೇ ಅಲ್ಲ, ಉಳಿದ ಕೋಳಿಗೂ ಅಪಾಯ.

ಬ್ಯಾಂಡೇಜ್ ಎಷ್ಟೇ ಒಳ್ಳೇದಿದ್ರೂ ಗೂಡು ಸರಿ ಮಾಡದಿದ್ರೆ ಅದೇ ಕಾಲು ಮತ್ತೆ ಊದತ್ತೆ. ಕೋಲನ್ನ ಕೆಳಕ್ಕೆ ಇಳಿಸಿ, ಚೂಪು ಅಂಚು ಉಜ್ಜಿ ನುಣ್ಣಗೆ ಮಾಡಿ, ಕೆಳಗೆ ಒಣಗಿದ ಭತ್ತದ ಹೊಟ್ಟು ದಪ್ಪಗೆ ಹಾಕಿ, ಒದ್ದೆ ಆದಾಗ ಬದಲಾಯಿಸಿ.

ತಗೊಳೋರಿಗೆ ಎರಡು ಮಾತು. 5 ಸೆಂ.ಮೀ ಅಗಲದ್ದು ಕೋಳಿ ಪಾದಕ್ಕೆ ಜಾಸ್ತಿ ಆಗತ್ತೆ, 2.5 ಸೆಂ.ಮೀದು ತಗೊಂಡು ಅದನ್ನೂ ಉದ್ದಕ್ಕೆ ಎರಡು ಸೀಳಿ, ಒಂದು ರೋಲಲ್ಲಿ ಬೇಕಾದಷ್ಟು ಸಲ ಕಟ್ಟಬಹುದು. ಕೆಂಪು ಬಣ್ಣ ಮಾತ್ರ ಬೇಡ, ಬೇರೆ ಕೋಳಿಗಳು ಗಾಯ ಅನ್ಕೊಂಡು ಅದನ್ನೇ ಕುಕ್ಕುತ್ತಾ ಇರ್ತವೆ, ಕಂದು ಬಣ್ಣದ್ದು ಆರ್ಡರ್ ಮಾಡಿ.