ಇ-ಬೈಕಿನ ಹಿಂಚಕ್ರದ ರೋಟರ್ ಬದಲಿಸುವ ಮುನ್ನ ಆಯಸ್ಕಾಂತ ಎಲ್ಲಿದೆ ನೋಡಿ

ವಿದ್ಯುತ್ ಮೌಂಟನ್ ಬೈಕಿನ, ಅಂದರೆ ಮೋಟರಿನ ನೆರವಿರುವ ಗುಡ್ಡಗಾಡಿನ ಸೈಕಲ್ಲಿನ, ಹಿಂಚಕ್ರಕ್ಕೆ ದೊಡ್ಡ ಬ್ರೇಕ್ ರೋಟರ್ (ಬ್ರೇಕ್ ಹಿಡಿಯುವ ಲೋಹದ ತಟ್ಟೆ) ಹಾಕಿಸಬೇಕೆಂದಿರುವವರು, ದುಡ್ಡು ಕೊಡುವ ಮೊದಲು, ಈಗಿರುವ ರೋಟರನ್ನು ಒಮ್ಮೆ ಬಗ್ಗಿ ನೋಡಬೇಕೆಂದು ಕೋರುತ್ತೇನೆ. ಅದರ ಒಳಭಾಗದ ತೋಳುಗಳ ಬಳಿ ಸಣ್ಣದೊಂದು ಕಪ್ಪು ತುಂಡು ಕೂತಿದ್ದರೆ ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಮೋಟರಿಗೆ ತಿಳಿಸುವ ಆಯಸ್ಕಾಂತ ಅದು. ರೋಟರಿನ ಜೊತೆಗೆ ಅದೂ ಹೋಗುತ್ತದೆ ಎಂಬ ಮಾತನ್ನು ನನಗೆ ಮಾರಿದವರು ಹೇಳಲಿಲ್ಲ.

ನಾನಿರುವುದು ಜರ್ಮನಿಯ ಫ್ರೈಬರ್ಗ್‌ನಲ್ಲಿ. ಊರ ಪಕ್ಕದ ಶೌಇನ್ಸ್‌ಲಾಂಡ್ ಬೆಟ್ಟ 1,284 ಮೀಟರ್ ಎತ್ತರವಿದ್ದು, ಅಲ್ಲಿಂದ ಪೇಟೆಗೆ ಇಳಿಯುವಷ್ಟರಲ್ಲಿ ಸುಮಾರು ಸಾವಿರ ಮೀಟರಿನ ಇಳಿಜಾರನ್ನು ಬ್ರೇಕೇ ತಾಳಿಕೊಳ್ಳಬೇಕು. ಬೈಕೇ ಭಾರದ್ದು, 180 ಮಿಲಿಮೀಟರ್ ವ್ಯಾಸದ ರೋಟರ್ ಕಾದು ಹಿಡಿತ ಸಡಿಲವಾಗುತ್ತಿದ್ದುದರಿಂದ 203ಕ್ಕೆ ಹೋಗಬೇಕೆಂದುಕೊಂಡದ್ದು ಸರಿಯಾಗಿಯೇ ಇತ್ತು. ಅಂಗಡಿಗೆ ಬೈಕಿನ ಮಾದರಿ, ಫ್ರೇಮು ತಡೆಯುವ ಗರಿಷ್ಠ ಅಳತೆ, ಮೋಟರು ಶಿಮಾನೊ ಇಪಿ8 ಎಂಬುದು, ಎಲ್ಲವನ್ನೂ ಬರೆದು ಕೇಳಿದೆ. ಚಕ್ರದ ನಡುವಿನ ಹಬ್, ರೋಟರನ್ನು ಒಂದೇ ಬಳೆಯಿಂದ ಬಿಗಿಯುವ ಸೆಂಟರ್ ಲಾಕ್ ಬಗೆಯದು ಆದ್ದರಿಂದ ಖಂಡಿತ ಹೊಂದುತ್ತದೆ ಎಂದು ಉತ್ತರ ಬಂತು. ಜೋಡಿಸಿಕೊಟ್ಟವರೂ ಅವರೇ.

ಹಬ್ಬಿಗೆ ಹೊಂದಿತು, ಅಳತೆ ಹೊಂದಿಸುವ ಅಡಾಪ್ಟರ್ ತುಂಡು ಹಾಕಿದ ಮೇಲೆ ರೋಟರನ್ನು ಅದುಮಿ ಹಿಡಿಯುವ ಕ್ಯಾಲಿಪರಿಗೂ ಹೊಂದಿತು. ಆದರೆ ಪರದೆಯ ಮೇಲಿನ ವೇಗ ಸೊನ್ನೆಯಿಂದ ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಡಬ್ಲ್ಯು011 ಎಂಬ ಎಚ್ಚರಿಕೆ ಮೂಡಿತು, ಮೋಟರಿನ ನೆರವು ಕುಗ್ಗಿತು, ಭಾರದ ಬೈಕನ್ನು ಕಡಿದಾದ ಏರಿನಲ್ಲಿ ಕಾಲ ಬಲದಿಂದಲೇ ತುಳಿಯಬೇಕಾಯಿತು.

ಕಾರಣ ಸರಳವಾದದ್ದು. ಈ ಬಗೆಯ ಬೈಕುಗಳಲ್ಲಿ ಸೆನ್ಸರ್ ಫ್ರೇಮಿನ ಹಿಂಭಾಗದಲ್ಲಿ, ರೋಟರಿನ ಮಗ್ಗುಲಲ್ಲೇ ಇರುತ್ತದೆ; ಚಕ್ರ ಒಂದು ಸುತ್ತು ಬಂದಾಗ ಆಯಸ್ಕಾಂತ ಒಮ್ಮೆ ಅದರೆದುರು ಹಾದುಹೋಗುತ್ತದೆ. 29 ಇಂಚಿನ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್ ಇರುವುದರಿಂದ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಮೂರು ಬಾರಿ ಈ ಸೂಚನೆ ಬರುತ್ತದೆ. ಯುರೋಪಿನ ನಿಯಮದ ಪ್ರಕಾರ ಸಾಮಾನ್ಯ ಇ-ಬೈಕಿನ ಮೋಟರ್ ಆ ವೇಗದಲ್ಲಿ ನೆರವು ನಿಲ್ಲಿಸಲೇಬೇಕಾದ್ದರಿಂದ, ವೇಗವೇ ತಿಳಿಯದ ಮೋಟರ್ ಕಣ್ಣುಮುಚ್ಚಿ ತಳ್ಳುವ ಹಾಗಿಲ್ಲ. ಶಿಮಾನೊದಲ್ಲೇ ಆರ್‌ಟಿ-ಇಎಂ ಎಂದು ಆರಂಭವಾಗುವ ರೋಟರುಗಳು ಆಯಸ್ಕಾಂತವಿರುವಂಥವು, ಆರ್‌ಟಿ-ಎಂಟಿ ಎಂಬವು ಇಲ್ಲದವು. ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೇ ಓದಬೇಕು.

ಇನ್ನೂ ಕೆಟ್ಟದ್ದು ಅಂಗಡಿಯವರ ಪರಿಹಾರ: ಹೊಸ ರೋಟರಿನ ತೋಳಿಗೆ ಅಂಟಿನಿಂದ ಒಂದು ಬಿಡಿ ಆಯಸ್ಕಾಂತ ಮೆತ್ತಿಕೊಟ್ಟರು. ವೇಗವೇನೋ ಕಾಣಿಸಿತು. ಒಂದು ಉದ್ದದ ಇಳಿಜಾರಿನ ನಂತರ ಆಯಸ್ಕಾಂತವೇ ಇರಲಿಲ್ಲ. ಬ್ರೇಕಿನ ಬಿಸಿಗೆ ಅಂಟು ಬಿಡುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತವೂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳತೊಡಗುತ್ತದೆ. ಕಳಚಿದ ತುಂಡು ತಿರುಗುವ ರೋಟರಿಗೂ ಕ್ಯಾಲಿಪರಿಗೂ ನಡುವೆ ಸಿಕ್ಕಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಸಿಟ್ಟು ಬರುತ್ತದೆ.

ಎಲ್ಲ ಬೈಕುಗಳಿಗೂ ಈ ತೊಡಕಿಲ್ಲ. ಬಾಷ್ ಮೋಟರಿನ ಅನೇಕ ಬೈಕುಗಳಲ್ಲಿ ಆಯಸ್ಕಾಂತ ಚಕ್ರದ ಕಡ್ಡಿಯ ಮೇಲೋ ರಿಮ್ಮಿನ ವಾಲ್ವಿನ ಬಳಿಯೋ ಇರುತ್ತದೆ, ರೋಟರ್ ಬದಲಾದರೂ ಅದು ಅಲ್ಲೇ ಉಳಿಯುತ್ತದೆ. ಆದರೆ ಕಡ್ಡಿಯ ಆಯಸ್ಕಾಂತಕ್ಕೂ ಸೆನ್ಸರಿಗೂ 5ರಿಂದ 17 ಮಿಲಿಮೀಟರ್ ಅಂತರವಿರಬೇಕು. ಚಕ್ರ ಕಳಚಿ ಹಾಕುವಾಗ ಜರುಗಿದರೆ 503 ಎಂಬ ದೋಷಸೂಚನೆ ಬರುತ್ತದೆ. ಇನ್ನೊಂದು ಮಾತು, ಆಯಸ್ಕಾಂತಕ್ಕೆ ಸಂಬಂಧಿಸಿದ್ದಲ್ಲದಿದ್ದರೂ ಹೇಳಿಬಿಡುತ್ತೇನೆ: 200ರ ರೋಟರಿಗೂ 203ರದಕ್ಕೂ ಅಡಾಪ್ಟರ್ ಬೇರೆ, ತ್ರಿಜ್ಯದಲ್ಲಿ ಒಂದೂವರೆ ಮಿಲಿಮೀಟರಿನ ವ್ಯತ್ಯಾಸಕ್ಕೆ ಬ್ರೇಕ್ ಪ್ಯಾಡು ರೋಟರಿನ ಅಂಚು ತಪ್ಪಿ ಕೂರುತ್ತದೆ.

ಮೋಟರಿನ ಹೆಸರನ್ನು ನಾನು ಮೊದಲೇ ಬರೆದು ತಿಳಿಸಿದ್ದ ಪತ್ರವಿದ್ದುದರಿಂದ, ಬಳಸಿದ ರೋಟರನ್ನು ವಾಪಸು ತೆಗೆದುಕೊಳ್ಳುವುದಿಲ್ಲವೆಂದಿದ್ದ ಅಂಗಡಿ ಕೊನೆಗೆ ಅದರ ಬೆಲೆ ಹಿಂದಿರುಗಿಸಿತು, ಕೂಲಿ ಕೊಡಲಿಲ್ಲ. ಆಯಸ್ಕಾಂತವಿರುವ 203ರ ರೋಟರನ್ನು ಬೇರೆ ಕಡೆ ಹಾಕಿಸಿದೆ. ಅಲ್ಲಿನ ಮೆಕ್ಯಾನಿಕ್ ಬೈಕನ್ನು ಸ್ಟ್ಯಾಂಡಿನಿಂದ ಇಳಿಸುವ ಮೊದಲೇ ಬ್ಯಾಟರಿ ಚಾಲೂ ಮಾಡಿ, ಹಿಂಚಕ್ರವನ್ನು ಕೈಯಿಂದ ತಿರುಗಿಸಿ, ಪರದೆಯಲ್ಲಿ ವೇಗ ಏರುವುದನ್ನು ತೋರಿಸಿದ. ನೀವೂ ಇದನ್ನು ಅಂಗಡಿಯಲ್ಲೇ ಮಾಡಿಸಿಕೊಂಡು ನಂತರ ಹಣ ಕೊಡಿ.