ಜಿಐ ಪೈಪಿನೊಳಗೆ ಟೂಲ್ ಇಟ್ಟು ಹದ ಹಾಕುವವರೇ, ಸ್ವಲ್ಪ ನಿಲ್ಲಿ

ಕೇಸ್ ಹಾರ್ಡನಿಂಗ್‌ಗೆ, ಅಂದರೆ ಮೆತ್ತನೆಯ ಉಕ್ಕಿನ ಮೈ ಗಟ್ಟಿಮಾಡುವ ಹದಕ್ಕೆ, ಡಬ್ಬಿ ಬೇಕು ಅಂತ ಯಾರಾದರೂ ಜಿಐ ಪೈಪಿನ ತುಂಡು, ಎರಡು ಎಂಡ್ ಕ್ಯಾಪ್ ತರಲು ಹೊರಟರೆ ದಯವಿಟ್ಟು ತಡೆಯಿರಿ. ನಮ್ಮ ಶೆಡ್ಡಿನ ಹುಡುಗ ಇದರಿಂದ ರಾತ್ರಿ ಪೂರ್ತಿ ಚಳಿ ಜ್ವರದಲ್ಲಿ ನಡುಗಿದ. ಅಲ್ಲಿದ್ದ ಯಾರಿಗೂ ಅದು ಅಪಾಯ ಅಂತ ಅನಿಸಿಯೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಪೀಣ್ಯದಲ್ಲಿ ನಮ್ಮದು ಎರಡು ಲೇತ್ ಇರುವ ಸಣ್ಣ ಶೆಡ್. ಹಿತ್ತಾಳೆ ದೀಪದ ಕಂಬಕ್ಕೆ ಗುಂಡು ಕಡೆಯುವ ಕೆಲಸ ಬಂದಿತ್ತು. ಅದಕ್ಕೆ ಫಾರ್ಮ್ ಟೂಲ್, ಅಂದರೆ ಅಂಚಿಗೆ ಅದೇ ಆಕಾರ ಇರುವ ಲೇತ್ ಉಳಿ ಬೇಕು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್, ಟೂಲಿಗೆ ಬಳಸುವ ಗಟ್ಟಿ ಉಕ್ಕು) ತುಂಡನ್ನು ಸಾಣೆ ಹಿಡಿದು ಆ ಆಕಾರ ತರುವುದು ತಾಳ್ಮೆಯ ಕೆಲಸ. ಎಂಎಸ್ (ಮೈಲ್ಡ್ ಸ್ಟೀಲ್, ಮೆತ್ತನೆಯ ಉಕ್ಕು) ಆದರೆ ಅರ ಹಾಕಿ ಸಲೀಸಾಗಿ ತೆಗೆಯಬಹುದು. ಪಕ್ಕದ ಶೆಡ್ಡಿನ ಯಜಮಾನರು, "ಎಂಎಸ್‌ನಲ್ಲೇ ಮಾಡ್ಕೊಳ್ಳಿ ಸಾರ್, ನಾನು ಹದ ಹಾಕಿ ಕೊಡ್ತೀನಿ. ಎಚ್‌ಎಸ್‌ಎಸ್ ಯಾಕೆ ಸುಮ್ನೆ?" ಎಂದರು. ಕುಲುಮೆ ಅವರದ್ದು, ಇದ್ದಿಲು ಅವರದ್ದು. ಸಹಾಯಕ್ಕೆ ನಮ್ಮ ಹುಡುಗನನ್ನು ಕರೆದುಕೊಂಡರು.

ಗೊತ್ತಿಲ್ಲದವರಿಗೆ ಎರಡು ಮಾತು. ಎಂಎಸ್‌ನಲ್ಲಿ ಇಂಗಾಲ 0.2% ಆಸುಪಾಸು ಇರುತ್ತದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಟೂಲ್ ಆಗುವಷ್ಟು ಗಟ್ಟಿಯಾಗುವುದಿಲ್ಲ. ಹಾಗಾಗಿ ಇದ್ದಿಲ ಪುಡಿಗೆ ಸ್ವಲ್ಪ ವಾಷಿಂಗ್ ಸೋಡಾ ಬೆರೆಸಿ, ಟೂಲನ್ನು ಅದರೊಳಗೆ ಹೂತು, ಡಬ್ಬಿ ಮುಚ್ಚಿ 900ರಿಂದ 930 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಇದ್ದಿಲಿನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಕಬ್ಬಿಣದ ಮೈಗೆ ಇಂಗಾಲ ಊಡುತ್ತದೆ. ಆಮೇಲೆ ಅದ್ದಿದರೆ ಮೇಲಿನ ಪದರ ಮಾತ್ರ ಗಟ್ಟಿ, ಒಳಗೆ ಮೆತ್ತಗೆ.

ಇಷ್ಟರಲ್ಲಿ ತಪ್ಪೇನಿಲ್ಲ. ಎಡವಟ್ಟಾದದ್ದು ಡಬ್ಬಿಯಲ್ಲಿ.

ಜಿಐ ಪೈಪಿಗೆ ಸತುವಿನ ಲೇಪ ಇರುತ್ತದೆ. ಸತು 419 ಡಿಗ್ರಿಗೆ ಕರಗುತ್ತದೆ, 907ಕ್ಕೆ ಕುದಿಯುತ್ತದೆ. ಅಂದರೆ ಹದಕ್ಕೆ ಬೇಕಾದ ಶಾಖವೂ ಸತು ಕುದಿಯುವ ಶಾಖವೂ ಹೆಚ್ಚುಕಮ್ಮಿ ಒಂದೇ! ಪೈಪ್ ಕೆಂಪಾಗುತ್ತಿದ್ದ ಹಾಗೆ ಬೆಂಕಿಯ ಅಂಚು ಹಸಿರು ಮಿಶ್ರಿತ ನೀಲಿಗೆ ತಿರುಗಿತು. ಬಿಳಿ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ ಅರಳೆಯಂಥ ಸಣ್ಣ ಸಣ್ಣ ಎಳೆಗಳು ಗಾಳಿಯಲ್ಲಿ ತೇಲಿ ಹುಡುಗನ ತಲೆಗೂದಲು, ಹುಬ್ಬಿನ ಮೇಲೆ ಕೂತವು. ಅದು ಸತುವಿನ ಆಕ್ಸೈಡ್. ಶೆಡ್ಡಿಗೆ ಇದ್ದದ್ದು ಒಂದೇ ಬಾಗಿಲು, ಅದೂ ಮಳೆ ಅಂತ ಅರ್ಧ ಎಳೆದಿದ್ದರು. ಅವನು ಪಕ್ಕದಲ್ಲೇ ನಿಂತು ಬ್ಲೋವರ್ ನೋಡಿಕೊಳ್ಳುತ್ತಿದ್ದ.

ಸಂಜೆ ಟೀ ಕುಡಿಯುವಾಗ, "ಅಣ್ಣ, ಬಾಯಲ್ಲಿ ಚಿಲ್ಲರೆ ಕಾಸು ಇಟ್ಕೊಂಡಂಗಿದೆ, ಟೀ ರುಚೀನೇ ಇಲ್ಲ" ಎಂದ. ಗಂಟಲು ಒಣಗಿತ್ತು. ರಾತ್ರಿ ರೂಮಿನಲ್ಲಿ ಮೈಕೈ ನೋವು, ಚಳಿ, ಜ್ವರ. ಕ್ಲಿನಿಕ್ಕಿನಲ್ಲಿ ಡೆಂಗಿ ಇರಬಹುದು ಅಂತ ರಕ್ತ ಪರೀಕ್ಷೆಗೆ ಬರೆದರು. ಅವರನ್ನು ದೂರುವ ಹಾಗಿಲ್ಲ, ಮಳೆಗಾಲದಲ್ಲಿ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ ಅಲ್ವಾ. ಹಗಲು ಏನು ಕೆಲಸ ಮಾಡಿದ್ದ ಅಂತ ನಾವು ಬಾಯಿಬಿಟ್ಟು ಹೇಳಿದ ಮೇಲೆ ಡಾಕ್ಟರ್‌ಗೆ ಹೊಳೆಯಿತು. ಲೋಹದ ಹೊಗೆ ಕುಡಿದರೆ ಬರುವ ಜ್ವರ ಇದು. ಹೊಗೆ ಕುಡಿದು ನಾಲ್ಕರಿಂದ ಹತ್ತು ಗಂಟೆಯಾದ ಮೇಲೆ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅವನದೂ ಹಾಗೇ ಇಳಿಯಿತು.

"ನಾನು ಎಷ್ಟೋ ವರ್ಷದಿಂದ ಮಾಡ್ತಿದೀನಿ, ನನಗೇನೂ ಆಗಿಲ್ಲ" ಅಂತ ಯಜಮಾನರ ವಾದ. ಇದಕ್ಕೂ ಕಾರಣ ಇದೆ. ದಿನಾ ಈ ಹೊಗೆಯಲ್ಲಿ ಇರುವವರ ಮೈ ಸ್ವಲ್ಪ ಒಗ್ಗಿಕೊಳ್ಳುತ್ತದೆ. ಎರಡು ದಿನ ರಜೆ ಹಾಕಿದರೆ ಆ ಒಗ್ಗಿಕೆ ಹೋಗುತ್ತದೆ, ಮತ್ತೆ ಕೆಲಸಕ್ಕೆ ಬಂದ ದಿನ ಜ್ವರ. ಸೋಮವಾರದ ಜ್ವರ ಅನ್ನುವ ಹೆಸರು ಅದಕ್ಕೇ ಬಂದಿದ್ದು. ಹಳಬರಿಗೆ ಏನೂ ಆಗದಿದ್ದರೆ ಹೊಸ ಹುಡುಗರಿಗೂ ಆಗಲ್ಲ ಅನ್ನುವುದು ಸುಳ್ಳು. ಬೆಲ್ಲ ತಿನ್ನು, ಹಾಲು ಕುಡಿ, ಸರಿಹೋಗುತ್ತೆ ಅಂತ ವೆಲ್ಡಿಂಗ್ ಮಾಡುವವರೂ ಹೇಳುತ್ತಾರೆ. ಶ್ವಾಸಕೋಶಕ್ಕೆ ಹೋದ ಹೊಗೆಗೂ ಹೊಟ್ಟೆಗೆ ಹೋದ ಬೆಲ್ಲಕ್ಕೂ ಎಲ್ಲಿಯ ಸಂಬಂಧ?

ಸತುವಿನದ್ದು ಇಷ್ಟರಲ್ಲಿ ಮುಗಿಯಿತು. ಲೇಪ ಕ್ಯಾಡ್ಮಿಯಂನದ್ದಾಗಿದ್ದರೆ ಕಥೆಯೇ ಬೇರೆ. ಅದು 767 ಡಿಗ್ರಿಗೇ ಕುದಿಯುತ್ತದೆ. ಶುರುವಿನಲ್ಲಿ ಇದೇ ಥರ ಜ್ವರ ಅನಿಸಿ, ಆಮೇಲೆ ಶ್ವಾಸಕೋಶ ಊದಿಕೊಂಡು ಜೀವ ತೆಗೆಯಬಹುದು. ಗುಜರಿಯಿಂದ ತಂದ ಹಳೆಯ ಬೋಲ್ಟ್ ಕಡೆದು ಪಂಚ್, ಉಳಿ ಮಾಡುವವರು ಬಹಳ ಜನ ಇದ್ದಾರೆ. ಬೆಳ್ಳಗೆ, ಹಳದಿಯಾಗಿ ಹೊಳೆಯುವ ಬೋಲ್ಟ್ ಯಾವ ಲೇಪದ್ದು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಕುಲುಮೆಗೆ ಹಾಕಲೇಬೇಡಿ. ಜ್ವರದ ಜೊತೆ ಉಸಿರು ಕಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಇನ್ನು ಆ ಕ್ಯಾಪ್‌ಗಳು. ಎರಡೂ ಕಡೆ ತಿರುಪು ಇರುವ ಕ್ಯಾಪ್ ಹಾಕಿ ಪೈಪ್ ರೆಂಚಿನಲ್ಲಿ ಬಿಗಿದಿದ್ದರು. ನಲ್ಲಿ ಕೆಲಸದ ಅಭ್ಯಾಸದಲ್ಲಿ ತಿರುಪಿಗೆ ಟೆಫ್ಲಾನ್ ಟೇಪ್ ಬೇರೆ ಸುತ್ತಿದ್ದರು! ಟೆಫ್ಲಾನ್ 400 ಡಿಗ್ರಿ ದಾಟಿದರೆ ಒಡೆದು ವಿಷದ ಹೊಗೆ ಬಿಡುತ್ತದೆ, ಅದರದ್ದೂ ಇಂಥದ್ದೇ ಒಂದು ಜ್ವರ ಇದೆ. ಇದ್ದಿಲಿನಲ್ಲಿ ಹಸಿ ಇದ್ದರೆ ಅದು ಹಬೆಯಾಗುತ್ತದೆ, ಮೇಲೆ ಮಾನಾಕ್ಸೈಡ್ ಹುಟ್ಟುತ್ತಲೇ ಇರುತ್ತದೆ. ಹೋಗಲು ದಾರಿ ಇಲ್ಲದಿದ್ದರೆ ಪೈಪ್ ಸಿಡಿಯಬಹುದು. ನಮ್ಮದು ಸಿಡಿಯಲಿಲ್ಲ, ಅಷ್ಟೇ. ಮುಚ್ಚಳವನ್ನು ಬಿಗಿಯುವುದಲ್ಲ, ಸುಮ್ನೆ ಕೂರಿಸಿ ಸಂದಿಗೆ ಫೈರ್‌ಕ್ಲೇ (ಶಾಖ ತಡೆಯುವ ಜೇಡಿಮಣ್ಣು) ಮೆತ್ತಬೇಕು. ಗಾಳಿ ಒಳಗೆ ಬರಬಾರದು, ಒತ್ತಡ ಹೆಚ್ಚಾದರೆ ಹೊರಗೆ ಹೋಗಬೇಕು.

ಇಷ್ಟೆಲ್ಲ ಆಗಿ ಟೂಲ್ ಹೇಗಿತ್ತು? ಮೊದಲಿಗೆ ಚೆನ್ನಾಗಿಯೇ ಇತ್ತು. ಅರ ಹಾಕಿದರೆ ಜಾರಿತು. ಹಿತ್ತಾಳೆಯನ್ನು ನುಣ್ಣಗೆ ಕಡೆಯಿತು. ಮೊಂಡಾದ ಮೇಲೆ ಸಾಣೆ ಹಿಡಿದೆವು. ಮೊದಲು ಕಿಡಿಗಳು ತುದಿಯಲ್ಲಿ ಕವಲೊಡೆದು ಹೂವಾಗಿ ಸಿಡಿಯುತ್ತಿದ್ದವು. ಇನ್ನೊಂದು ಸಲ ಹಿಡಿಯುವಷ್ಟರಲ್ಲಿ ಕವಲೇ ಇಲ್ಲ, ಬರೀ ಉದ್ದ ಗೆರೆ. ಗಟ್ಟಿ ಪದರ ಮುಗಿದು ಎಂಎಸ್ ಬಂದಿತ್ತು. ಈ ಶಾಖದಲ್ಲಿ ಒಂದು ಗಂಟೆಗೆ ಅರ್ಧ ಮಿಲಿಮೀಟರ್ ಸಿಕ್ಕರೆ ಪುಣ್ಯ. ಅದರ ಎರಡರಷ್ಟು ಬೇಕಾದರೆ ಎರಡು ಗಂಟೆ ಸಾಲದು, ನಾಲ್ಕು ಗಂಟೆ ಬೇಕು. ಮೇಲಾಗಿ ಇಂಥ ಟೂಲ್ 200 ಡಿಗ್ರಿ ದಾಟಿದರೆ ಹದ ಇಳಿಸಿಕೊಳ್ಳುತ್ತದೆ. ಎಚ್‌ಎಸ್‌ಎಸ್ 600ರ ಹತ್ತಿರದವರೆಗೂ ತಡೆಯುತ್ತದೆ. ಉಕ್ಕು ಕಡೆಯುವ ಆಸೆ ಇದ್ದರೆ ಬಿಟ್ಟುಬಿಡಿ.

"ಇದ್ದಿಲು ಯಾಕೆ, ಬಿಳಿ ಉಪ್ಪು ತಂದುಕೊಡ್ತೀನಿ, ನಿಮಿಷದಲ್ಲಿ ಆಗುತ್ತೆ" ಅಂದವರೂ ಸಿಕ್ಕರು. ಆ ಬಿಳಿ ಉಪ್ಪು ಸೋಡಿಯಂ ಸಯನೈಡ್. ಆಸಿಡ್ ತಾಗಿದರೆ ಕೊಲ್ಲುವ ಗ್ಯಾಸ್, ನೈಟ್ರೇಟ್ ಉಪ್ಪಿನ ಜೊತೆ ಕಾದರೆ ಸ್ಫೋಟ. ಶೆಡ್ಡಿನಲ್ಲಿ ಮಾಡುವ ಕೆಲಸವೇ ಅಲ್ಲ ಅದು.

ನಾವು ಕೊನೆಗೆ ಎಸ್‌ಜೆಪಿ ರಸ್ತೆಯಿಂದ ಎಚ್‌ಎಸ್‌ಎಸ್ ತುಂಡು ತಂದು ಸಾಣೆ ಹಿಡಿದೆವು. ಆರ್ಡರ್ ಅದರಲ್ಲೇ ಮುಗಿಯಿತು. ಹದ ಹಾಕಲೇಬೇಕು ಅನ್ನುವವರು ಲೇಪವಿಲ್ಲದ ಕಪ್ಪು ಎಂಎಸ್ ಪೈಪ್ ಕತ್ತರಿಸಿ, ತಳ ವೆಲ್ಡ್ ಮಾಡಿಸಿ, ಬಯಲಲ್ಲಿ ಮಾಡಿ. ಜಿಐ ಪೈಪನ್ನೇ ಮೊದಲು ಸುಟ್ಟು ಸತು ತೆಗೆಯುತ್ತೇನೆ ಅನ್ನಬೇಡಿ, ಸುಡುವಾಗ ಬರುವುದೂ ಅದೇ ಹೊಗೆ. ಗುಜರಿ ಪೈಪಿಗೆ ಬಣ್ಣ ಬಳಿದಿದ್ದರೆ ಕೆರೆದು ನೋಡಿ. ಕೆಳಗೆ ಬೂದು ಬಣ್ಣದ ಹರಳು ಹರಳಾದ ಚಿತ್ತಾರ ಕಂಡರೆ ಅದನ್ನು ಬೇಲಿ ಕಂಬಕ್ಕೆ ಇಟ್ಟುಕೊಳ್ಳಿ.